ಹಣ ಬೇಡವೆಂದವನ ಹುಚ್ಚು

1977ರ ಫೆಬ್ರುವರಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದ 'ರೂಮರ್ಸ್' ಆಲ್ಬಂ ಬಿಡುಗಡೆಯಾಯಿತು. ಅಮೆರಿಕದ ಮಾರಾಟ ಪಟ್ಟಿಯಲ್ಲಿ ಅದು ಒಟ್ಟು 31 ವಾರಗಳ ಕಾಲ ಮೊದಲ ಸ್ಥಾನದಲ್ಲಿತ್ತು. ಮುಂದೆ ಜಗತ್ತಿನಾದ್ಯಂತ ಅದರ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ಅದೇ ವರ್ಷ ಇಂಗ್ಲೆಂಡಿನಲ್ಲಿ, ಹತ್ತು ವರ್ಷಗಳ ಹಿಂದೆ ಆ ತಂಡವನ್ನು ಕಟ್ಟಿದ್ದ ಗಿಟಾರ್ ವಾದಕ ಪೀಟರ್ ಗ್ರೀನ್, ತನ್ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರಿಗೆ ಬಂದೂಕಿನ ಬೆದರಿಕೆ ಒಡ್ಡಿದ ಆರೋಪದ ಮೇಲೆ ಬಂಧಿತನಾದ. ಅಲ್ಲಿಂದ ಆತನನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು.

ಆತನ ಬೇಡಿಕೆ ಏನಿತ್ತು? ರಾಯಧನದ ಹಣವನ್ನು ತನಗೆ ಕಳುಹಿಸುವುದನ್ನು ನಿಲ್ಲಿಸಬೇಕು ಎಂಬುದು! ಕಥೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ. ಆದರೆ ಕಥೆಯ ಸ್ವಾರಸ್ಯ ಮಾತ್ರ ಬದಲಾಗಿಲ್ಲ. ಹಣಕ್ಕಾಗಿ ಬಂದೂಕು ಹಿಡಿದವರನ್ನು ಜಗತ್ತು ಬಲ್ಲದು. ಹಣ ಬೇಡವೆಂದು ಬಂದೂಕು ಹಿಡಿದವನು ಹುಚ್ಚನಲ್ಲದೆ ಮತ್ತೇನು ಎಂದು ಅರ್ಧ ಶತಮಾನದಿಂದ ರಾಕ್ ಇತಿಹಾಸಕಾರರು ನಗುತ್ತಲೇ ಬಂದಿದ್ದಾರೆ. ಈ ಲೇಖನವೂ ಅದೇ ಬಂದೂಕಿನಿಂದ ಆರಂಭವಾಗಿದೆ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು. ಗ್ರೀನ್‌ನ ಬದುಕನ್ನು ಪರಿಚಯಿಸಹೊರಟವರಿಗೆ ಮೊದಲು ಕೈಗೆ ಸಿಗುವುದು ಅದೇ.

ಆದರೆ ಈ ನಗೆಯೊಳಗೆ ಒಂದು ಅನ್ಯಾಯವಿದೆ. ಪೀಟರ್ ಗ್ರೀನ್‌ಗೆ ಕಾಯಿಲೆ ಇತ್ತು, ಅದು ನಿಜ. ಆತನಿಗೆ ಹಣದ ಬಗ್ಗೆ ಒಂದು ಅಭಿಪ್ರಾಯವಿತ್ತು, ಅದೂ ನಿಜ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ 'ಹುಚ್ಚು' ಎಂಬ ಚೀಟಿ ಅಂಟಿಸಿದ್ದರಿಂದ, ಅಭಿಪ್ರಾಯಕ್ಕೆ ಯಾರೂ ಉತ್ತರ ಹೇಳಬೇಕಾಗಲಿಲ್ಲ. ಕಾಯಿಲೆಗೆ ಯಾರೂ ಹೊಣೆಯಾಗಬೇಕಾಗಲಿಲ್ಲ.

ನಮ್ಮಲ್ಲಿ ಈತನ ಹೆಸರು ಬಲ್ಲವರು ಕಡಿಮೆ. 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಎಂದರೆ ಸಂತಾನಾ ನೆನಪಾಗುತ್ತಾರೆ. 1970ರಲ್ಲಿ ಆ ಹಾಡನ್ನು ಅಮೆರಿಕದ ಮನೆಮಾತಾಗಿಸಿದವರು ಅವರೇ. ಬರೆದು, 1968ರಲ್ಲಿ ಮೊದಲು ಹಾಡಿದವನು ಗ್ರೀನ್. 1946ರಲ್ಲಿ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಈತನ ಮೂಲ ಹೆಸರು ಗ್ರೀನ್‌ಬಾಮ್. ಮಾಂಸದಂಗಡಿಯಲ್ಲಿ ಕೆಲಸ ಕಲಿಯುತ್ತಲೇ ಗಿಟಾರ್ ಕಲಿತ ಹುಡುಗ 1966ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡದಲ್ಲಿ ಎರಿಕ್ ಕ್ಲ್ಯಾಪ್ಟನ್ ಬಿಟ್ಟುಹೋದ ಜಾಗಕ್ಕೆ ಬಂದ. ಕ್ಲ್ಯಾಪ್ಟನ್ ದೇವರೆಂದು ಲಂಡನ್ನಿನ ಗೋಡೆಗಳ ಮೇಲೆ ಅಭಿಮಾನಿಗಳು ಬರೆಯುತ್ತಿದ್ದ ಕಾಲವದು. ದೇವರು ಎದ್ದುಹೋದ ಪೀಠದ ಮೇಲೆ ಕುಳಿತುಕೊಳ್ಳುವುದು ಸುಲಭವಲ್ಲ. ಧ್ವನಿಮುದ್ರಣಕ್ಕೆ ಬಂದ ನಿರ್ಮಾಪಕರು ಕ್ಲ್ಯಾಪ್ಟನ್ ಎಲ್ಲಿ ಎಂದು ಕೇಳಿದಾಗ, ಈ ಹುಡುಗ ಒಂದೆರಡು ವರ್ಷಗಳಲ್ಲಿ ಎಲ್ಲರನ್ನೂ ಮೀರಿಸುತ್ತಾನೆ ಎಂದು ಮೇಯಲ್ ಉತ್ತರಿಸಿದರಂತೆ. 1967ರ 'ಎ ಹಾರ್ಡ್ ರೋಡ್' ಆಲ್ಬಮ್‌ನಲ್ಲಿರುವ 'ದಿ ಸೂಪರ್‌ನ್ಯಾಚುರಲ್' ಎಂಬ ವಾದ್ಯರಚನೆಯನ್ನು ಕೇಳಿದವರಿಗೆ ಆ ಮಾತು ಅತಿಶಯೋಕ್ತಿ ಎನಿಸುವುದಿಲ್ಲ.

ಆತನ ವಾದನದ ವಿಶೇಷವೇನು? ವೇಗವೇ ವಿದ್ವತ್ತೆಂದು ತಿಳಿದಿದ್ದ ಪೀಳಿಗೆಯ ನಡುವೆ ಈತ ನಿಧಾನವಾಗಿ ನುಡಿಸಿದ. ಒಂದು ಸ್ವರ ಹೊರಟು, ತನ್ನ ಪಾಡಿಗೆ ತಾನು ಕ್ಷೀಣಿಸುವವರೆಗೆ ಮುಂದಿನದನ್ನು ತಡೆದು ಹಿಡಿಯುವ ಸಂಯಮ ಆತನ ಬೆರಳಿಗಿತ್ತು. ವಿಳಂಬ ಕಾಲದ ಆಲಾಪನೆ ಕೇಳಿ ಪಳಗಿದ ನಮ್ಮ ಕಿವಿಗಳಿಗೆ ಈ ಸುಖ ತೀರಾ ಅಪರಿಚಿತವಲ್ಲ. ಬ್ಲೂಸ್ ಸಂಗೀತ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ಬದುಕಿನಲ್ಲಿ. ಅದನ್ನು ಅನುಕರಿಸಿದ ಬಿಳಿಯ ಹುಡುಗರ ಬಗ್ಗೆ ಆ ಪರಂಪರೆಯ ಹಿರಿಯರು ಉದಾರವಾಗಿ ಮಾತನಾಡಿದ್ದುಂಟು, ಮನಸಾರೆ ಬೆರಗಾದದ್ದು ಅಪರೂಪ. ತನ್ನನ್ನು ಬೆವರುವಂತೆ ಮಾಡಿದವನು ಈತನೊಬ್ಬನೇ ಎಂಬ ಅರ್ಥದ ಮಾತನ್ನು ಬಿ.ಬಿ. ಕಿಂಗ್ ಅವರು ಹೇಳಿದ್ದರು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

1967ರಲ್ಲಿ ಗ್ರೀನ್ ಸ್ವಂತ ತಂಡ ಕಟ್ಟಿದ. ಅದಕ್ಕೆ ಇಟ್ಟ ಹೆಸರನ್ನು ಗಮನಿಸಬೇಕು. ಫ್ಲೀಟ್‌ವುಡ್ ಎಂಬುದು ಡ್ರಮ್ ವಾದಕನ ಹೆಸರು. ಮ್ಯಾಕ್ ಎಂಬುದು ಬೇಸ್ ಗಿಟಾರ್ ವಾದಕ ಮ್ಯಾಕ್‌ವಿ ಹೆಸರಿನ ತುಣುಕು. ಆ ಮ್ಯಾಕ್‌ವಿ ಆಗಿನ್ನೂ ತಂಡ ಸೇರಿರಲೂ ಇಲ್ಲ! ಜನ ಬರುತ್ತಿದ್ದುದು ಗ್ರೀನ್‌ನನ್ನು ಕೇಳಲು, ಹಾಡು ಬರೆಯುತ್ತಿದ್ದವನೂ ಹಾಡುತ್ತಿದ್ದವನೂ ಬಹುಮಟ್ಟಿಗೆ ಆತನೇ. ತಾನು ಮುಂದೊಂದು ದಿನ ಬಿಟ್ಟು ಹೋದರೂ ಗೆಳೆಯರಿಗೆ ಹೆಸರು ಉಳಿಯಲಿ ಎಂಬುದು ಆತನ ಲೆಕ್ಕಾಚಾರವಾಗಿತ್ತು. ಎಲ್‌ಎಸ್‌ಡಿಯ ಪ್ರಸ್ತಾಪವೇ ಇಲ್ಲದ ದಿನಗಳ ಮಾತಿದು. ಖ್ಯಾತಿಯಿಂದ ಹಿಂದೆ ಸರಿಯುವ ಗುಣ ಆತನಲ್ಲಿ ಕಾಯಿಲೆಗಿಂತ ಮೊದಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಶಸ್ಸು ಬಂತು. 1968ರ ಕೊನೆಗೆ ಹೊರಬಂದ, ಮಾತೇ ಇಲ್ಲದ ಮೂರು ನಿಮಿಷಗಳ 'ಆಲ್ಬಟ್ರಾಸ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1969ರಲ್ಲಿ ಬಂದ 'ಮ್ಯಾನ್ ಆಫ್ ದಿ ವರ್ಲ್ಡ್', 'ಓ ವೆಲ್' ಎರಡೂ ಎರಡನೇ ಸ್ಥಾನ ಮುಟ್ಟಿದವು. ಮೊದಲನೆಯದು ಎಲ್ಲವನ್ನೂ ಪಡೆದ ಯುವಕನೊಬ್ಬನ ಸಂಕಟದ ಹಾಡು. ಅದಕ್ಕೆ ಜನ ಕುಣಿದರು, ದಾಖಲೆಗಳನ್ನು ಕೊಂಡರು. ಹಾಡುತ್ತಿರುವವನಿಗೆ ನಿಜಕ್ಕೂ ಸಂಕಟವಾಗಿರಬಹುದು ಎಂದು ಅನುಮಾನಿಸುವ ರೂಢಿ ಆ ಉದ್ಯಮದಲ್ಲಿರಲಿಲ್ಲ.

ಅದೇ ವರ್ಷಗಳಲ್ಲಿ ನೈಜೀರಿಯಾದ ಅಂತರ್ಯುದ್ಧದಲ್ಲಿ ಸಿಕ್ಕ ಬಯಾಫ್ರದ ಮಕ್ಕಳು ಹಸಿವಿನಿಂದ ಸಾಯುತ್ತಿರುವ ದೃಶ್ಯಗಳು ಬ್ರಿಟನ್ನಿನ ಟಿ.ವಿ. ಪರದೆಗಳ ಮೇಲೆ ಬರುತ್ತಿದ್ದವು. ಅವು ಗ್ರೀನ್‌ನನ್ನು ಕಲಕಿದವು. ನಮ್ಮ ಜೀವನಕ್ಕೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಕೊಟ್ಟುಬಿಡೋಣ ಎಂದು ಆತ ತಂಡದವರನ್ನು ಕೇಳಿಕೊಂಡ. ನೀನು ಕೊಡುವುದಾದರೆ ಕೊಡು, ನನಗೆ ಇಷ್ಟವಿಲ್ಲ, ಅದರಿಂದ ನಾನು ಕೆಟ್ಟವನಾಗುವುದಿಲ್ಲ ಎಂಬರ್ಥದ ಉತ್ತರವನ್ನು ಮಿಕ್ ಫ್ಲೀಟ್‌ವುಡ್ ಕೊಟ್ಟ. ಅದು ಪ್ರಾಮಾಣಿಕ ಉತ್ತರ, ಅದನ್ನು ದೂರಲಾಗದು. ಆದರೆ ಕೇಳಿದ ಪ್ರಶ್ನೆಯೂ ಅಷ್ಟೇ ಪ್ರಾಮಾಣಿಕವಾಗಿತ್ತಲ್ಲವೇ? 1970ರ 'ದಿ ಗ್ರೀನ್ ಮನಾಲಿಷಿ'ಯಲ್ಲಿ ರಾತ್ರಿ ಬೆನ್ನಟ್ಟಿ ಬರುವ ಹಸಿರು ಭೂತ ಹಣವೇ ಎಂದು ಗ್ರೀನ್ ಮುಂದೆ ವಿವರಿಸಿದ. ಆ ತಂಡಕ್ಕೆ ಆತ ಬರೆದ ಕೊನೆಯ ಜನಪ್ರಿಯ ಗೀತೆ ಅದು. ಅದೂ ಚೆನ್ನಾಗಿಯೇ ಮಾರಾಟವಾಯಿತು.

1970ರ ಮಾರ್ಚ್‌ನಲ್ಲಿ ಮ್ಯೂನಿಕ್ ನಗರದ ಬಳಿ ಸಿರಿವಂತ ಹಿಪ್ಪಿಗಳ ಬಿಡಾರವೊಂದರಲ್ಲಿ ಆತ ಎಲ್‌ಎಸ್‌ಡಿ ಸೇವಿಸಿದ. ಅಂದೇ ನಮ್ಮ ಪೀಟರ್ ಕಳೆದುಹೋದ ಎಂದು ತಂಡದ ಜೊತೆಗಾರರು ನಂಬುತ್ತಾರೆ. ಗ್ರೀನ್ ಮಾತ್ರ ಅಲ್ಲಿ ಚೆನ್ನಾಗಿ ನುಡಿಸಿದ್ದನ್ನು ಪ್ರೀತಿಯಿಂದಲೇ ನೆನೆಯುತ್ತಿದ್ದ. ಒಂದೇ ರಾತ್ರಿಗೆ ಎಲ್ಲವನ್ನೂ ಹೊರಿಸುವುದರಲ್ಲಿ ಒಂದು ಅನುಕೂಲವಿದೆ. ಅದಕ್ಕೆ ಹಿಂದಿನ ಮೂರು ವರ್ಷಗಳ ಎಡೆಬಿಡದ ಪ್ರವಾಸ, ನಿದ್ದೆಗೆಟ್ಟ ರಾತ್ರಿಗಳು, ಸುಲಭವಾಗಿ ಕೈಗೆ ಸಿಗುತ್ತಿದ್ದ ಮಾದಕವಸ್ತುಗಳು ಇವ್ಯಾವುವನ್ನೂ ಆಮೇಲೆ ಪ್ರಶ್ನಿಸಬೇಕಾಗುವುದಿಲ್ಲ. ಮೇ ತಿಂಗಳಲ್ಲಿ ಆತ ತಂಡ ತೊರೆದ. ಮರುವರ್ಷ ಇನ್ನೊಬ್ಬ ಗಿಟಾರ್ ವಾದಕ ಜೆರೆಮಿ ಸ್ಪೆನ್ಸರ್ ಲಾಸ್ ಏಂಜಲೀಸ್‌ನಲ್ಲಿ ಪ್ರವಾಸದ ನಡುವೆಯೇ ಹೊರಟುಹೋಗಿ ಧಾರ್ಮಿಕ ಪಂಥವೊಂದನ್ನು ಸೇರಿದ. ಹದಿನೆಂಟರ ಹರೆಯದಲ್ಲಿ ತಂಡ ಸೇರಿದ್ದ ಡ್ಯಾನಿ ಕರ್ವನ್‌ನನ್ನು 1972ರಲ್ಲಿ ಹೊರಹಾಕಲಾಯಿತು. ಆತ ಮುಂದೆ ಲಂಡನ್ನಿನಲ್ಲಿ ನಿರ್ವಸಿತರ ತಂಗುದಾಣಗಳಲ್ಲಿ ವರ್ಷಗಳನ್ನು ಕಳೆದು 2018ರಲ್ಲಿ ತೀರಿಕೊಂಡ. ಎರಡೂವರೆ ವರ್ಷಗಳಲ್ಲಿ ಮೂವರು! ಪತ್ರಿಕೆಗಳು ಇದನ್ನು 'ಶಾಪ' ಎಂದು ಕರೆದವು. ಕಾರ್ಖಾನೆಯೊಂದರಲ್ಲಿ ಒಂದೇ ವಿಭಾಗದ ಮೂವರು ಕೆಲಸಗಾರರು ಹೀಗೆ ಕುಸಿದಿದ್ದರೆ ಆ ಪದವನ್ನು ಯಾರೂ ಬಳಸುತ್ತಿರಲಿಲ್ಲ, ವಿಚಾರಣೆ ಕೇಳುತ್ತಿದ್ದರು.

ಇದೇ ಸಂದರ್ಭದಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. 1974ರಲ್ಲಿ, ತಂಡದ ಹೆಸರಿನ ಒಡೆತನ ತನ್ನದೆಂದು ಭಾವಿಸಿದ ಅದರ ವ್ಯವಸ್ಥಾಪಕ, ಸಂಬಂಧವೇ ಇಲ್ಲದ ಬೇರೆ ವಾದಕರನ್ನು ಫ್ಲೀಟ್‌ವುಡ್ ಮ್ಯಾಕ್ ಎಂದು ಕರೆದು ಅಮೆರಿಕದ ಪ್ರವಾಸಕ್ಕೆ ಅಟ್ಟಿದ. ಜನ ಟಿಕೆಟ್ ಕೊಂಡು ಬಂದು ಮೋಸಹೋದರು. ವಿಷಯ ನ್ಯಾಯಾಲಯ ಮುಟ್ಟಿತು. ಆ ವ್ಯವಸ್ಥಾಪಕನ ಚಿತ್ತಸ್ವಾಸ್ಥ್ಯವನ್ನು ಯಾರೂ ಶಂಕಿಸಲಿಲ್ಲ. ಅದು ವ್ಯವಹಾರ.

ಆ ವರ್ಷಗಳಲ್ಲಿ ಗ್ರೀನ್ ಆಸ್ಪತ್ರೆಯಲ್ಲಿ ಕೂಲಿಯಾಳಾಗಿ, ಸ್ಮಶಾನದಲ್ಲಿ ಗುಂಡಿ ತೋಡುವವನಾಗಿ ದುಡಿದ. ಆತನಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ವೈದ್ಯರು ನಿರ್ಧರಿಸಿದರು. ವಿದ್ಯುತ್ ಆಘಾತದ ಚಿಕಿತ್ಸೆಯೂ ನಡೆಯಿತು. ನವಕೋಟಿಯನ್ನು ತೊರೆದು ತಂಬೂರಿ ಹಿಡಿದ ಪುರಂದರದಾಸರನ್ನು ಪೂಜಿಸುವ ನಾಡಿನವರಾದ ನಮಗೆ ಈತನನ್ನೂ ಸಂತರ ಸಾಲಿಗೆ ಸೇರಿಸುವ ಆಸೆ ಹುಟ್ಟಬಹುದು. ಅದು ಲಂಡನ್ ಪತ್ರಿಕೆಗಳು ಮಾಡಿದ ತಪ್ಪಿನ ಇನ್ನೊಂದು ಮುಖವಷ್ಟೆ. ದಾಸರ ಕೈಯಲ್ಲಿ ತಂಬೂರಿ ಉಳಿದಿತ್ತು. ಗ್ರೀನ್ ವರ್ಷಾನುಗಟ್ಟಲೆ ಗಿಟಾರನ್ನೇ ಮುಟ್ಟಲಿಲ್ಲ. ಕಾಯಿಲೆಗೆ ವೈರಾಗ್ಯದ ಹೆಸರಿಟ್ಟರೆ ರೋಗಿಗೆ ಔಷಧ ತಪ್ಪುತ್ತದೆ. ವೈರಾಗ್ಯಕ್ಕೆ ಕಾಯಿಲೆಯ ಹೆಸರಿಟ್ಟರೆ ಉಳಿದವರ ಆತ್ಮಸಾಕ್ಷಿಗೆ ನೆಮ್ಮದಿ ದಕ್ಕುತ್ತದೆ. ಗ್ರೀನ್‌ನ ವಿಷಯದಲ್ಲಿ ಎರಡೂ ಒಟ್ಟೊಟ್ಟಿಗೆ ನಡೆದವು.

ಮರಳಿ ಬಂದದ್ದು ನಿಧಾನವಾಗಿ. 1979ರ 'ಇನ್ ದಿ ಸ್ಕೈಸ್' ಆಲ್ಬಮ್‌ನಲ್ಲಿ ಹಲವೆಡೆ ಪ್ರಧಾನ ಗಿಟಾರನ್ನು ಸ್ನೋಯಿ ವೈಟ್‌ಗೆ ಬಿಟ್ಟುಕೊಟ್ಟ. 1990ರ ದಶಕದ ನಡುವೆ ಗೆಳೆಯರು ಕಟ್ಟಿದ ಸ್ಪ್ಲಿಂಟರ್ ಗ್ರೂಪ್ ಜೊತೆ ಸುಮಾರು ಎಂಟು ವರ್ಷ ನುಡಿಸಿದ. ವಿಮರ್ಶಕರು ಹಳೆಯ ಬೆರಳುಗಳನ್ನು ಹುಡುಕುತ್ತ ಹೋಗಿ ನಿರಾಶರಾದರು. ನನಗಂತೂ ಆ ನಿರಾಶೆ ಕ್ರೂರವೆನಿಸುತ್ತದೆ. ಮಾತ್ರೆಗಳು ಮನಸ್ಸನ್ನು ಮಂಕಾಗಿಸಿ ಗಿಟಾರ್ ಎತ್ತಿಕೊಳ್ಳುವ ಹಂಬಲವನ್ನೇ ಕಸಿಯುತ್ತವೆ ಎಂಬುದು ಆತನ ಅಳಲಾಗಿತ್ತು. ಆ ಮಂಕಿನೊಳಗಿಂದ ರಾಬರ್ಟ್ ಜಾನ್ಸನ್ನನ ಹಳೆಯ ಬ್ಲೂಸ್ ಹಾಡುಗಳನ್ನು ಒಂದೊಂದಾಗಿ ಹೊರತೆಗೆದವನ ಶ್ರಮವನ್ನು 1968ರ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 1998ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವದ ವೇದಿಕೆಯಲ್ಲಿ ಆತ ನುಡಿಸಿದ್ದು ಫ್ಲೀಟ್‌ವುಡ್ ಮ್ಯಾಕ್ ಜೊತೆಗಲ್ಲ. ಸಂತಾನಾ ಜೊತೆ, 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಹಾಡನ್ನು.

ಇನ್ನು ಆತನ ಗಿಟಾರಿನ ಕಥೆ. 1959ರ ಗಿಬ್ಸನ್ ಲೆಸ್ ಪಾಲ್ ಅದು. ಎರಡು ಪಿಕಪ್‌ಗಳ ಪೈಕಿ ಒಂದರ ಅಯಸ್ಕಾಂತ ತಿರುಗುಮುರುಗಾಗಿದ್ದರಿಂದ, ಎರಡೂ ಒಟ್ಟಿಗೆ ನುಡಿದಾಗ ಟೊಳ್ಳು ಕೊಳವೆಯೊಳಗಿಂದ ಬಂದಂತಹ ವಿಚಿತ್ರ ನಾದ ಹೊರಡುತ್ತಿತ್ತು. ತಂಡ ಬಿಟ್ಟ ಮೇಲೆ ಗ್ರೀನ್ ಅದನ್ನು ಐರ್ಲೆಂಡಿನ ತರುಣ ಗ್ಯಾರಿ ಮೂರ್‌ಗೆ ಕೊಟ್ಟ. ಬೆಲೆ? ನಿನ್ನ ಗಿಟಾರ್ ಮಾರಿ ಎಷ್ಟು ಬರುತ್ತದೋ ಅಷ್ಟು ಕೊಡು ಎಂದ. ಮೂರ್ ಅದನ್ನು ಮೂರು ದಶಕ ನುಡಿಸಿ, 1995ರಲ್ಲಿ ಗ್ರೀನ್‌ನ ರಚನೆಗಳದ್ದೇ ಒಂದು ಆಲ್ಬಂ ಅರ್ಪಿಸಿ, 2006ರಲ್ಲಿ ಮಾರಿದ. ಸಂಗ್ರಾಹಕರ ಕೈಗಳನ್ನು ದಾಟಿ 2014ರ ಹೊತ್ತಿಗೆ ಅದು ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಬಳಿ ಸೇರಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಿರಾರು ತರುಣರು ಕಂಡ ಅದೇ ಹ್ಯಾಮೆಟ್. ಅಂದು ಆ ಗಿಟಾರ್ ಇನ್ನೂ ಆತನ ಕೈಗೆ ಬಂದಿರಲಿಲ್ಲ. ಗೆಳೆಯನ ಕಿಸೆ ನೋಡಿ ಬೆಲೆ ಕಟ್ಟಿದ ವಾದ್ಯ ಇಂದು ಜಗತ್ತಿನ ಅತ್ಯಂತ ಬೆಲೆಬಾಳುವ ಗಿಟಾರುಗಳ ಸಾಲಿನಲ್ಲಿದೆ.

2020ರ ಫೆಬ್ರುವರಿ 25ರಂದು ಲಂಡನ್ನಿನ ಪಲೇಡಿಯಂ ರಂಗಮಂದಿರದಲ್ಲಿ ಮಿಕ್ ಫ್ಲೀಟ್‌ವುಡ್ ತನ್ನ ಹಳೆಯ ಗೆಳೆಯನ ಗೌರವಾರ್ಥ ಕಛೇರಿ ಏರ್ಪಡಿಸಿದ. ಡೇವಿಡ್ ಗಿಲ್ಮೋರ್, ಪೀಟ್ ಟೌನ್‌ಶೆಂಡ್ ಮೊದಲಾದ ಘಟಾನುಘಟಿಗಳು ಬಂದರು. ಐವತ್ತು ವರ್ಷಗಳ ಹಿಂದೆ ಹೊರಟುಹೋಗಿದ್ದ ಜೆರೆಮಿ ಸ್ಪೆನ್ಸರ್ ಕೂಡ ಬಂದ. ಹ್ಯಾಮೆಟ್ ಆ ಗಿಟಾರನ್ನು ತಂದು 'ಗ್ರೀನ್ ಮನಾಲಿಷಿ' ನುಡಿಸಿದ. ಗ್ರೀನ್ ಮಾತ್ರ ಬರಲಿಲ್ಲ. ಐದು ತಿಂಗಳ ತರುವಾಯ, ಜುಲೈ 25ರಂದು, ಎಸೆಕ್ಸ್‌ನ ಕ್ಯಾನ್ವೆ ದ್ವೀಪದಲ್ಲಿ ಆತ ನಿದ್ದೆಯಲ್ಲಿಯೇ ಕೊನೆಯುಸಿರೆಳೆದ. ಆಗ ಆತನಿಗೆ 73 ವರ್ಷ.