ಪ್ರೀತಿಯಿಂದ ಮಗುವಿನ ಅಂಗವಿಕಲತೆ ವಾಸಿಯಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ವೈದ್ಯರು ಕೈಚೆಲ್ಲಿದ ಮಗು ಮನೆಯವರ ಪ್ರೀತಿ, ಪ್ರಾರ್ಥನೆಯಿಂದ ಎದ್ದು ನಡೆಯಿತು ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕ್ರೈಸ್ತರ ಮನೆಯ ಕಥೆಯಾದರೆ ಪ್ರಾರ್ಥನೆ, ಬೇರೆಯವರದಾದರೆ ಹರಕೆ, ಉಳಿದದ್ದೆಲ್ಲ ಒಂದೇ. ಇದರಲ್ಲಿ ನಿಜವೆಷ್ಟು?

ಹೆತ್ತವರ ಪಾಪದ ಫಲವೇ?

ಅಲ್ಲ. ಡೌನ್ ಸಿಂಡ್ರೋಮ್ ಬರುವುದು 21ನೇ ಕ್ರೋಮೋಸೋಮ್ ಒಂದು ಹೆಚ್ಚಾಗಿರುವುದರಿಂದ ಎಂದು 1959ರಲ್ಲೇ ಗೊತ್ತಾಯಿತು. ಸೆರೆಬ್ರಲ್ ಪಾಲ್ಸಿಗೆ ಕಾರಣ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿ. ಬೈಬಲಿನಲ್ಲೂ ಈ ಪ್ರಶ್ನೆಯಿದೆ: ಹುಟ್ಟುಕುರುಡನನ್ನು ಕಂಡು ಶಿಷ್ಯರು 'ಯಾರ ಪಾಪ?' ಎಂದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎನ್ನುತ್ತಾನೆ ಯೇಸು (ಯೋಹಾನ, 9ನೇ ಅಧ್ಯಾಯ).

ರಾಜಾಜಿನಗರ, ವಿಜಯನಗರದವರಿಗೆ ಮಾಗಡಿ ರಸ್ತೆಯ ಸುಮನಹಳ್ಳಿ ಗೊತ್ತು. ಅಲ್ಲಿ ಕ್ರೈಸ್ತ ಧರ್ಮಪ್ರಾಂತ್ಯದ ಸಂಸ್ಥೆ ಶುರುವಾಗಿದ್ದು ಕುಷ್ಠರೋಗಿಗಳಿಗಾಗಿ. ಕುಷ್ಠವನ್ನೂ ಜನ ಶಾಪ ಎನ್ನುತ್ತಿದ್ದರು. ಅದು ಬ್ಯಾಕ್ಟೀರಿಯಾದ ಕೆಲಸ ಎಂದು 1873ರಲ್ಲೇ ಪತ್ತೆಯಾಗಿತ್ತು. ಅಲ್ಲಿ ರೋಗಿಗಳಿಗೆ ಆರೈಕೆಯೂ ಬೇಕಿತ್ತು, ಮಾತ್ರೆಯೂ ಬೇಕಿತ್ತು.

ಹಾಗಾದರೆ ಪ್ರೀತಿಯಿಂದ ಏನೂ ಆಗದೇ?

ಬಹಳ ಆಗುತ್ತದೆ. ರೊಮೇನಿಯಾದ ಅನಾಥಾಲಯಗಳ 136 ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಟ್ಟರು. ಮನೆ ಸಿಕ್ಕ ಮಕ್ಕಳ ಬುದ್ಧಿಮಟ್ಟ ಅನಾಥಾಲಯದಲ್ಲಿ ಉಳಿದವರಿಗಿಂತ ಏರಿತು. ಎರಡು ವರ್ಷದೊಳಗೆ ಮನೆ ಸೇರಿದವರಿಗೆ ಹೆಚ್ಚು ಲಾಭವಾಯಿತು. ಇವು ತೀವ್ರ ಅಂಗವಿಕಲತೆಯ ಮಕ್ಕಳಲ್ಲ. ಆದರೆ ಎತ್ತಿಕೊಳ್ಳುವುದು, ಮಾತಾಡಿಸುವುದು, ನಗುವಿಗೆ ನಗುವುದು ಎಳೆಯ ಮೆದುಳಿಗೆ ಆಹಾರವಿದ್ದಂತೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಅಪಾಯ ಎಲ್ಲಿದೆ?

ಪ್ರೀತಿ ಕ್ರೋಮೋಸೋಮನ್ನು ಬದಲಿಸದು. 'ಪ್ರಾರ್ಥನೆ ಸಾಕು' ಎಂದು ಫಿಸಿಯೋಥೆರಪಿ ಬಿಟ್ಟರೆ ಸೆರೆಬ್ರಲ್ ಪಾಲ್ಸಿಯ ಮಗುವಿನ ಕೈಕಾಲು ಸೆಟೆದುಕೊಳ್ಳಬಹುದು. ಫಿಟ್ಸ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಇನ್ನೊಂದು ಏಟು ತಾಯಿಗೆ: ಮಗು ನಡೆಯದಿದ್ದರೆ 'ನಿನ್ನ ಪ್ರೀತಿ, ನಂಬಿಕೆ ಸಾಲದು' ಎಂದಂತಾಗುತ್ತದೆ. ತಾಯಿಗೆ ಅಕ್ಕರೆಯಿಲ್ಲದ್ದರಿಂದ ಆಟಿಸಂ ಬರುತ್ತದೆ ಎಂದು 1950-60ರ ದಶಕಗಳಲ್ಲಿ ಕೆಲವು ತಜ್ಞರೇ ಹೇಳಿದ್ದರು. ಅದು ಸುಳ್ಳೆಂದು ಸಾಬೀತಾಗಿದೆ.

ನೀವು ಏನು ಮಾಡಬಹುದು?

ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ಒಂದೂವರೆ ವರ್ಷವಾದರೂ ನಡೆಯದ, ಕರೆದರೆ ತಿರುಗದ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಥೆರಪಿಸ್ಟ್ ಕಲಿಸಿದ್ದನ್ನು ಸ್ನಾನ, ಊಟ, ಆಟದ ನಡುವೆ ದಿನವೂ ಮಾಡಿಸಿ; ಮನೆಯವರ ಪ್ರೀತಿಗೆ ನಿಜವಾದ ಕೆಲಸ ಇರುವುದು ಇಲ್ಲೇ. ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ, ಶೇ. 40 ಅಥವಾ ಹೆಚ್ಚು ಅಂಗವಿಕಲತೆಯಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಪ್ರಾರ್ಥನೆ ಮನೆಯವರಿಗೆ ಧೈರ್ಯ ಕೊಡುವುದಾದರೆ ಮಾಡಲಿ, ಜೊತೆಗೆ ಚಿಕಿತ್ಸೆಯೂ ನಡೆಯಲಿ. ಅಂಥ ಸಂದೇಶ ಮತ್ತೆ ಬಂದರೆ ಈ ಮಾತನ್ನೂ ಸೇರಿಸಿ ಕಳುಹಿಸಿ.