ಒಮ್ಮೆ ಮಲಗಿಸಿ ಎಬ್ಬಿಸಿ



ಮಾದಾಪುರದಲ್ಲೋ ಗಚ್ಚಿಬೌಲಿಯಲ್ಲೋ ಕೆಲಸ ಮಾಡುವ ನಿಮಗೆ ಮನೆಯಿಂದ ಬರುವ ಈ ಫೋನು ಹೊಸದೇನಲ್ಲ: "ಪುಟ್ಟಾ, ಕಂಪ್ಯೂಟರ್ ಅಲ್ಲಾಡ್ತಾನೇ ಇಲ್ಲ ಕಣೋ." ನಿಮ್ಮ ಉತ್ತರವೂ ಹೊಸದಲ್ಲ: "ರೀಸ್ಟಾರ್ಟ್ ಮಾಡಮ್ಮಾ." ಅಷ್ಟು ಹೇಳಿ ಫೋನು ಇಟ್ಟುಬಿಡುತ್ತೀರಿ. ಅಮ್ಮನಿಗೆ ಅದು ತನ್ನನ್ನು ಸಾಗಹಾಕುವ ಮಾತಿನಂತೆ ಕೇಳಿಸುತ್ತದೆ. ಹಾಗಲ್ಲ, ಅದೇ ನಿಜವಾದ ಮದ್ದು ಎಂದು ಕನ್ನಡದಲ್ಲಿ ಬಿಡಿಸಿ ಹೇಳಲು ನಿಮಗೆ ಬರುತ್ತದೆಯೇ?

ಹೀಗೆ ಹೇಳಿ ನೋಡಿ. ಕಂಪ್ಯೂಟರಿನ ರ್‍ಯಾಮ್ ಅಡುಗೆಮನೆಯ ಕಟ್ಟೆಯಿದ್ದಂತೆ, ಡಿಸ್ಕ್ ಉಗ್ರಾಣವಿದ್ದಂತೆ. ಪ್ರತಿಯೊಂದು ಪ್ರೋಗ್ರಾಮೂ ಕಟ್ಟೆಯ ಮೇಲೆ ತನ್ನ ಪಾತ್ರೆಗಳನ್ನು ಹರಡಿಕೊಳ್ಳುತ್ತದೆ. ಕೆಲವು ಸೋಮಾರಿ ಪ್ರೋಗ್ರಾಮುಗಳು ಕೆಲಸ ಮುಗಿದರೂ ಎತ್ತಿಡುವುದಿಲ್ಲ. ಕೊನೆಗೆ ಚಪಾತಿ ಲಟ್ಟಿಸಲೂ ಜಾಗ ಉಳಿಯುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಕಟ್ಟೆ ಪೂರ್ತಿ ಖಾಲಿ. ಉಗ್ರಾಣದ್ದು ಉಗ್ರಾಣದಲ್ಲೇ ಇರುತ್ತದೆ. (ಸೇವ್ ಮಾಡದ್ದು ಮಾತ್ರ ಹೋಗುತ್ತದೆ. ಸಂಘದ ಸಂಚಿಕೆಗೆಂದು ಬೆರಳಚ್ಚು ಮಾಡಿದ್ದ ನಾಲ್ಕು ಪುಟಗಳನ್ನು ನಾನು ಹೀಗೇ ಕಳೆದುಕೊಂಡವನು.)

ಇನ್ನೊಂದು ಗುಟ್ಟು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಬಹಳಷ್ಟು ಯಂತ್ರಗಳಲ್ಲಿ 'ಶಟ್‌ಡೌನ್' ಎಂದರೆ ಪೂರ್ತಿ ನಿದ್ದೆಯಲ್ಲ. ಬೇಗ ಏಳಬೇಕೆಂದು ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಎದ್ದಾಗ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಹಳೆಯ ತೊಂದರೆಯೂ ಜೊತೆಗೇ ಎದ್ದು ಬರಬಹುದು. 'ರೀಸ್ಟಾರ್ಟ್' ಒತ್ತಿದರೆ ಎಲ್ಲವೂ ಹೊಸದಾಗಿ ಶುರು. ಆದ್ದರಿಂದ "ಆಫ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ" ಎಂದು ಅಮ್ಮ ಹೇಳಿದರೆ ನಂಬಿ. ತಪ್ಪು ಅವರದಲ್ಲ.

ಹಾಗೆಂದು ರೀಸ್ಟಾರ್ಟ್ ಸಂಜೀವಿನಿಯೇನಲ್ಲ. 2024ರ ಜುಲೈ 19 ನೆನಪಿದೆಯೇ? ಕ್ರೌಡ್‌ಸ್ಟ್ರೈಕ್ ಕಂಪೆನಿಯ ದೋಷವಿದ್ದ ಫೈಲೊಂದು ನಮ್ಮ ಗಡಿಯಾರದ ಬೆಳಿಗ್ಗೆ 9.39ಕ್ಕೆ ಹೊರಟಿತು. 10.57ಕ್ಕೆ ಹಿಂತೆಗೆದುಕೊಂಡರು. ಅಷ್ಟರಲ್ಲೇ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕೂತಿದ್ದವು. ನಮ್ಮ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಕೊಲ್ಕತ್ತಕ್ಕೆ ಹೊರಟ ಪ್ರಯಾಣಿಕರೊಬ್ಬರಿಗೆ ಇಂಡಿಗೋದವರು ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದರ ಚಿತ್ರ ದೇಶವೆಲ್ಲ ಸುತ್ತಿತು. ಅಂದು ಕೆಟ್ಟದ್ದು ಉಗ್ರಾಣದೊಳಗೇ ಇತ್ತು. ಎಬ್ಬಿಸಿದಾಗಲೆಲ್ಲ ಯಂತ್ರ ಅದನ್ನೇ ಓದಿ ಮತ್ತೆ ಬೀಳುತ್ತಿತ್ತು. ಆದರೂ ಕೆಲವರಿಗೆ 15 ಸಲದವರೆಗೆ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಬೀಳುವ ಮೊದಲಿನ ಆ ಕ್ಷಣದಲ್ಲಿ ಸರಿಯಾದ ಫೈಲು ಇಳಿದುಬಿಟ್ಟರೆ ಬಚಾವು! ಉಳಿದವರು ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡಿನಲ್ಲಿ ಅದನ್ನು ಕೈಯಾರೆ ಅಳಿಸಬೇಕಾಯಿತು.

ಎರಡು ಸಲ ರೀಸ್ಟಾರ್ಟ್ ಮಾಡಿಯೂ ಅದೇ ತೊಂದರೆ ಬಂದರೆ ಪರದೆಯ ಮೇಲಿನ ಸಾಲನ್ನು ಅಮ್ಮನಿಂದ ಓದಿಸಿ, ಬರೆದುಕೊಳ್ಳಿ. ಡಿಸ್ಕು ಕಟಕಟ ಎನ್ನುತ್ತಿದ್ದರೆ ಮಾತ್ರ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿಸಲೇಬೇಡಿ. ತಾತನ ಫೋಟೋಗಳೆಲ್ಲ ಅದರಲ್ಲೇ ಇದ್ದಾವು. ಆ ಭಾನುವಾರ ನೀವೇ ಮನೆಗೆ ಹೋಗಿ.