ಹನ್ನೆರಡು ದಾಸಿಯರು

ಸ್ವಾಮಿನಿಷ್ಠೆಯ ಮಾತು ಬಂದಾಗಲೆಲ್ಲ ವಿದ್ವಾಂಸರು ಹೋಮರನ ‘ಒಡಿಸ್ಸಿ’ಯತ್ತ ಬೆರಳು ತೋರುತ್ತಾರೆ. ಪೆನೆಲೊಪೆಯ ಪಾತಿವ್ರತ್ಯವಂತೆ, 20 ವರ್ಷ ಒಡೆಯನಿಗಾಗಿ ಕಾದು ಅವನನ್ನು ಕಂಡೊಡನೆ ಪ್ರಾಣ ಬಿಟ್ಟ ನಾಯಿಯಂತೆ! ಒಪ್ಪಿದೆ, ಆ ನಾಯಿಯ ಪ್ರಸಂಗದಲ್ಲಿ ನನಗೂ ಗಂಟಲು ಕಟ್ಟುತ್ತದೆ. ಆದರೆ 22ನೆಯ ಸರ್ಗ ಬಂದಾಗ ಈ ಮಹನೀಯರು ಹಾಳೆಗಳನ್ನು ಬೇಗ ಬೇಗನೆ ಮಗುಚುವುದೇಕೆ?

ಪೆನೆಲೊಪೆಯನ್ನು ವರಿಸಲು ಬಂದು ಅರಮನೆಯಲ್ಲೇ ಬೀಡುಬಿಟ್ಟಿದ್ದ ಪುಂಡರ ಸಂಹಾರ ಮುಗಿದಿದೆ. ಅವರನ್ನು ಕೂಡಿದ ತಪ್ಪಿಗೆ 50 ದಾಸಿಯರಲ್ಲಿ 12 ಮಂದಿಗೆ ಮರಣದಂಡನೆ. ಆದರೆ ಅದೇ ಸರ್ಗದ ಮೊದಲಲ್ಲಿ ಒಡಿಸ್ಯೂಸ್ ಆ ಪುಂಡರ ಮೇಲೆ ಹೊರಿಸುವ ಆರೋಪವೇನು? ತನ್ನ ದಾಸಿಯರ ಮೇಲೆ ಬಲಾತ್ಕಾರ ನಡೆಸಿದರೆಂದು! ಬಲಾತ್ಕಾರಕ್ಕೆ ಒಳಗಾದವಳು ದ್ರೋಹಿ ಹೇಗಾದಾಳು?

ಪುಂಡರಿಗಾಗಿ ಹಾಡುತ್ತಿದ್ದ ಫೀಮಿಯಸ್ ತಾನು ಬಲವಂತಕ್ಕೆ ಹಾಡಿದೆನೆಂದು ಒಡೆಯನ ಕಾಲು ಹಿಡಿಯುತ್ತಾನೆ, ರಾಜಕುಮಾರ ಟೆಲಿಮೇಕಸ್ ಸಾಕ್ಷಿ ನುಡಿಯುತ್ತಾನೆ, ಜೀವ ಉಳಿಯುತ್ತದೆ. (ಹೋಮರ ತನ್ನ ಕುಲದವನನ್ನು ಕಾಪಾಡಿದನೋ ಏನೋ!) ಕಾಲಿಪ್ಸೊಳ ದ್ವೀಪದಲ್ಲಿ 7 ವರ್ಷ ಅವಳ ಹಾಸಿಗೆ ಹಂಚಿಕೊಂಡ ಒಡಿಸ್ಯೂಸನಿಗೂ ಬಲವಂತದ ನೆಪವಿದೆ. ದಾಸಿಯರನ್ನು ಮಾತ್ರ ಯಾರೂ ಕೇಳಲಿಲ್ಲ.

ಪೆನೆಲೊಪೆ ನೇಯ್ದುದನ್ನು ರಾತ್ರಿ ಬಿಚ್ಚುವ ಗುಟ್ಟು ಹೊರಬಿದ್ದದ್ದು ದಾಸಿಯರಿಂದಲೇ, ನಿಜ. ಆದರೆ ಹಗ್ಗ ಬಿಗಿಯುವಾಗ ಟೆಲಿಮೇಕಸ್ ಅದನ್ನು ಎತ್ತುವುದೇ ಇಲ್ಲ. ತನ್ನನ್ನೂ ತಾಯಿಯನ್ನೂ ನಿಂದಿಸಿದರು, ಪುಂಡರೊಡನೆ ಮಲಗಿದರು, ಅಷ್ಟೇ.

ಮೊದಲು ಅವರಿಂದಲೇ ಹೆಣ ಹೊರಿಸಿ, ರಕ್ತ ತೊಳೆಸಿದರು. ಕತ್ತಿಯಿಂದ ಕೊಲ್ಲೆಂದು ತಂದೆಯ ಅಪ್ಪಣೆ. ಮಗನಿಗೆ ಆ ಸಾವು ತೀರ ಗೌರವದ್ದೆನಿಸಿತು. ಹಡಗಿನ ಹಗ್ಗ ತಂದ. ಗೂಡಿಗೆ ಮರಳುತ್ತ ಬಲೆಗೆ ಬಿದ್ದ ಹಕ್ಕಿಗಳಿಗೆ ಅವರನ್ನು ಹೋಲಿಸಿದವನು ಹೋಮರನೇ. ಕಾಲುಗಳು ಒಂದಿಷ್ಟು ಹೊತ್ತು ಒದ್ದಾಡಿದವು, ಬಹಳ ಹೊತ್ತಲ್ಲ.